ಕಂಬದ ಬಳಿಯ ಮೂರನೇ ಬೆಳಕು

ಕಡೂರು
ಜೂನ್ ೨೨, ಭಾನುವಾರ

ಪ್ರೀತಿಯ ಕೋಮಲಕ್ಕನಿಗೆ,

ಶರಣು. ನೀನು ಮದುವೆಯಾಗಿ ಅಜ್ಜಂಪುರಕ್ಕೆ ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ತಡವಾಯಿತು, ಬೈಯಬೇಡ. ಮದುವೆ ಸೀಸನ್ನಿನಲ್ಲಿ ಸ್ಟುಡಿಯೋದಿಂದ ತಲೆ ಎತ್ತಲು ಆಗಲಿಲ್ಲ ಎಂಬುದು ಅರ್ಧ ನಿಜ. ಇನ್ನರ್ಧ ನಿಜವೆಂದರೆ ಎರಡು ಸಲ ಬರೆದು ಹರಿದುಹಾಕಿದೆ. ಸಿಟ್ಟು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ.

ಈ ಕಾಲದಲ್ಲಿ ಕಾಗದ ಯಾಕೆ ಎಂದು ನಗುತ್ತೀಯ. ನಿನ್ನ ಫೋನು ಈಗ ಊಟದ ಮೇಜಿನ ಮೇಲೆ ಇರುತ್ತದೆ. ಸದ್ದಾದರೆ ಹತ್ತಿರ ಇದ್ದವರು ಎತ್ತಿ ನೋಡುತ್ತಾರೆ. ಹೋದ ವಾರ ನಾನು ಕಳಿಸಿದ ಮೆಸೇಜಿಗೆ ನಿಮ್ಮತ್ತೆಯೇ ಉತ್ತರ ಬರೆದಿದ್ದರು, ಕೋಮಲಾ ಸ್ನಾನಕ್ಕೆ ಹೋಗಿದ್ದಾಳೆ ಎಂದು. ಆದ್ದರಿಂದ ಇದನ್ನು ಟೈಲರ್ ಹೊಲಿದುಕೊಟ್ಟ ನಿನ್ನ ರವಿಕೆಗಳ ಕವರಿನೊಳಗೆ ಇಡುತ್ತಿದ್ದೇನೆ. ಇನ್ನೊಬ್ಬರ ರವಿಕೆಯ ಕವರು ಬಿಚ್ಚಿ ನೋಡುವವರು ಯಾವ ಮನೆಯಲ್ಲೂ ಇರಲಿಕ್ಕಿಲ್ಲ. ನಮ್ಮ ಸ್ಟುಡಿಯೋದ ತಿಪ್ಪೇಶಣ್ಣ ಮಂಗಳವಾರ ಒಂದು ನಾಮಕರಣಕ್ಕೆ ಕ್ಯಾಮೆರಾ ಹಿಡಿದು ನಿಮ್ಮೂರಿಗೆ ಬರುತ್ತಾರೆ, ಅವರ ಕೈಲಿ ಕೊಡುತ್ತೇನೆ. ಜೊತೆಗೆ ಅಮ್ಮನ ಹುರಿಹಿಟ್ಟಿನ ಡಬ್ಬಿಯೂ ಇದೆ. ಅದನ್ನು ಎಲ್ಲರ ಎದುರಿಗೇ ತೆಗೆ.

ಅಮ್ಮ ಆರೋಗ್ಯವಾಗಿದ್ದಾಳೆ. ಗಿರಣಿಯ ಬೆಲ್ಟು ಹಳೆಯದಾಗಿ ಕಿರುಗುಟ್ಟುತ್ತಿತ್ತಲ್ಲ, ಹೊಸದು ಹಾಕಿಸಿದ್ದಾಳೆ. ಸಖರಾಯಪಟ್ಟಣದ ಹೆಂಗಸರು ರಾಗಿ ಚೀಲ ಇಳಿಸುವ ಮೊದಲೇ ನಿನ್ನ ವಿಷಯ ಕೇಳುತ್ತಾರಂತೆ. ಮಗಳು ದಪ್ಪಗಾಗಿದ್ದಾಳೆ ಎಂದು ಅಮ್ಮ ನೋಡದೆಯೇ ಹೇಳುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಮದುವೆಯ ಆಲ್ಬಮ್ ಗುರುವಾರ ಪ್ರಿಂಟಿಗೆ ಹೋಗುತ್ತದೆ. ಅದರ ನಟ್ಟನಡುವೆ, ಎರಡು ಪುಟ ತುಂಬ, ನಿನಗೆ ತಾಳಿ ಕಟ್ಟುತ್ತಿರುವ ಫೋಟೊ ಇದೆ. ಆ ಫೋಟೊದಲ್ಲಿ ಅಮ್ಮ ಇರಬೇಕೋ ಬೇಡವೋ ಎಂದು ನೀನು ಹೇಳಬೇಕು. ಬೇರೆ ಯಾರು ಹೇಳಿದರೂ ನಾನು ಒಪ್ಪುವುದಿಲ್ಲ. ನೀನು ಹೇಳದಿದ್ದರೆ ಅಮ್ಮ ಇರುವುದಿಲ್ಲ.

ಮೊದಲಿನಿಂದ ಹೇಳುತ್ತೇನೆ, ಆ ದಿನ ನೀನು ಮಂಟಪದೊಳಗೆ ಕುಳಿತಿದ್ದೆ, ನಿನಗೆ ಹೊರಗಿನದು ಕಂಡಿರಲಿಕ್ಕಿಲ್ಲ.

ಸ್ಟುಡಿಯೋದ ಯಜಮಾನರು ಹೊನ್ನಯ್ಯನವರು ನಿನ್ನ ಮದುವೆಯನ್ನು ಪೂರಾ ನನ್ನ ಕೈಗೇ ಬಿಟ್ಟಿದ್ದರು. ನಾನು ಮುಖ್ಯ ಕ್ಯಾಮೆರಾ, ತಿಪ್ಪೇಶಣ್ಣ ಎರಡನೇ ಕ್ಯಾಮೆರಾ. ಮದುಮಗಳ ತಂಗಿ ರೇಷ್ಮೆ ಸೀರೆ ಉಟ್ಟು ಕೊರಳಿಗೆ ಕ್ಯಾಮೆರಾ ಬೆಲ್ಟ್ ಹಾಕಿಕೊಂಡು ಲೈಟಿನ ಸ್ಟ್ಯಾಂಡು ಹೊರುತ್ತಿದ್ದಾಳೆ ಎಂದು ನಮ್ಮ ಕಲ್ಲಮ್ಮತ್ತೆ ಮೂರು ಜನರ ಮುಂದೆ ಹಣೆ ಚಚ್ಚಿಕೊಂಡರು. ನಿನಗೆ ಗೊತ್ತಲ್ಲ, ನನಗೆ ಅದು ಬೈಗುಳವಾಗಿ ಕೇಳಲೇ ಇಲ್ಲ.

ಹಿಂದಿನ ದಿನವೇ ತರೀಕೆರೆಯ ಕಲ್ಯಾಣ ಮಂಟಪಕ್ಕೆ ಬೆಳಕು ನೋಡಲು ಹೋಗಿದ್ದೆವು. ಡೆಕೊರೇಷನ್ನಿನವರು ವೇದಿಕೆಗೆ ನೇರಳೆ ದೀಪ ಕಟ್ಟಿದ್ದರು. ಆ ಬೆಳಕಿನಲ್ಲಿ ಕುಂಕುಮ ಕಪ್ಪಾಗುತ್ತದೆ, ಅರಿಶಿನ ಬೂದಿಯಾಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಿಕೊಳ್ಳಿ ಎಂದರು. ಫೋಟೊ ತೆಗೆಯುವ ಹೊತ್ತಿಗೇ ಸತ್ತುಹೋದ ಬಣ್ಣವನ್ನು ಯಾವ ಕಂಪ್ಯೂಟರೂ ಬದುಕಿಸುವುದಿಲ್ಲ. ಮುಹೂರ್ತ ಮುಗಿಯುವವರೆಗೆ ನೇರಳೆ ದೀಪ ಹೊತ್ತಿಸಿದರೆ ವೈರು ಕೀಳುತ್ತೇನೆ ಎಂದು ಹೇಳಿ ಬಂದೆ.

ಹೊನ್ನಯ್ಯನವರು ಕಲಿಸಿದ ಪದ್ಧತಿ ಹೀಗೆ. ದೊಡ್ಡ ಲೈಟು ಎಡಗಡೆ, ಮದುಮಕ್ಕಳಿಗೆ ಓರೆಯಾಗಿ, ಮುಂದೆ ಬಿಳಿ ಬಟ್ಟೆ ಕಟ್ಟಿ. ಚಿಕ್ಕದು ಬಲಗಡೆ, ಬಿಳಿ ಕೊಡೆಗೆ ತಾಗಿ ಹಿಂದಿರುಗುವಂತೆ, ಮುಖದ ಮೇಲಿನ ನೆರಳು ತಿಳಿಯಾಗುವಷ್ಟು ಮಾತ್ರ. ಹಿಂದಿನದನ್ನೆಲ್ಲ ಕತ್ತಲಿಗೆ ಬಿಟ್ಟುಬಿಡುವುದು. "ಹಿಂದ್ಗಡೆ ಪ್ಲಾಸ್ಟಿಕ್ ಕುರ್ಚಿ, ಕಸದ ಡಬ್ಬಿ, ಕೆಲ್ಸ ಇಲ್ದೋರು ನಿಂತಿರ್ತಾರೆ. ಎಲ್ಲ ಕತ್ಲಲ್ಲಿ ಹೋಗ್ಲಿ" ಎನ್ನುತ್ತಾರೆ. ನಾನೂ ನೂರಾರು ಮದುವೆಗಳನ್ನು ಹಾಗೆಯೇ ತೆಗೆದಿದ್ದೇನೆ. ಹತ್ತು ರೂಪಾಯಿ ಪುಸ್ತಕದ ಪಂಡಿತೆ ಎಂದು ನೀನು ನನ್ನನ್ನು ಆಡಿಕೊಳ್ಳುತ್ತಿದ್ದೆಯಲ್ಲ, ಆ ಪುಸ್ತಕಗಳು ಅನ್ಯಾಯ ಎಲ್ಲೆಲ್ಲಿ ಬಚ್ಚಿಟ್ಟುಕೊಂಡಿರುತ್ತದೆ ಎಂದು ಬಹಳ ಹೇಳಿವೆ. ಲೈಟಿನ ಸ್ಟ್ಯಾಂಡು ಎಲ್ಲಿ ಇಡುತ್ತೇವೆ ಎಂಬುದರಲ್ಲೂ ಇರುತ್ತದೆ ಎಂದು ಯಾವುದೂ ಹೇಳಿರಲಿಲ್ಲ. ಅದನ್ನು ನಿನ್ನ ಮದುವೆಯಲ್ಲಿ ಕಂಡೆ.

ಅಪ್ಪ ಇಲ್ಲದ್ದರಿಂದ ತೀರ್ಥಪ್ಪ ಮಾವ, ಕಲ್ಲಮ್ಮತ್ತೆ ದಂಪತಿಯಾಗಿ ಧಾರೆಗೆ ನಿಲ್ಲುವುದೆಂದು ಮೊದಲೇ ಮಾತಾಗಿತ್ತು. ಅದಕ್ಕೆ ನನ್ನ ತಕರಾರು ಇರಲಿಲ್ಲ. ಅಮ್ಮ ಪಕ್ಕದಲ್ಲಿ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ನೀನು ಮಂಟಪಕ್ಕೆ ಹೊರಡುವಾಗ ಅವಳು ವೇದಿಕೆಯ ಮೇಲೇ ಇದ್ದಳು, ನಾನು ಕಂಡಿದ್ದೇನೆ. ಲೈಟುಗಳ ಬ್ಯಾಟರಿ ಬದಲಿಸಲು ರೂಮಿಗೆ ಹೋದೆ. ಬರುವಷ್ಟರಲ್ಲಿ ಅಮ್ಮ ಕೆಳಗಿಳಿದು, ಊಟದ ಹಾಲಿಗೆ ಹೋಗುವ ದಾರಿಯಲ್ಲಿ, ಕಂಬದ ಪಕ್ಕ ನಿಂತಿದ್ದಳು. ಕೈಯಲ್ಲಿ ಅಕ್ಷತೆ. ನಾನು ಹೋಗಿ ಮೇಲೆ ಬಾ ಎಂದೆ.

"ಇಲ್ಲಿಂದ ಚೆನ್ನಾಗ್ ಕಾಣ್ತದೆ ಕಣೇ. ನೀನ್ ನಿನ್ ಕೆಲ್ಸ ನೋಡ್ಕೋ ಹೋಗು" ಎಂದಳು.

ಅಕ್ಕ, ಆ ಜಾಗದಿಂದ ಏನೂ ಕಾಣುವುದಿಲ್ಲ. ನಾನು ಹಿಂದಿನ ದಿನ ಅಲ್ಲೇ ನಿಂತು ನೋಡಿದ್ದೆ. ಮಂಟಪದ ಸೇವಂತಿಗೆ ಹೂವಿನ ಜಾಲರಿ ಅಡ್ಡ ಬರುತ್ತದೆ.

ಗಂಡ ಇಲ್ಲದವಳು ಮುಹೂರ್ತದ ಹೊತ್ತಿಗೆ ಪಕ್ಕಕ್ಕೆ ಸರಿಯಬೇಕು ಎಂಬ ಮಾತನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಶರಣರು ಸೂತಕವಿಲ್ಲ ಎಂದರು ಎಂದು ಮಠದ ಸಭೆಯಲ್ಲಿ ಚಪ್ಪಾಳೆ ತಟ್ಟುತ್ತೇವೆ, ಮಂಟಪದಲ್ಲಿ ಕಂಬ ತೋರಿಸುತ್ತೇವೆ. ನನ್ನ ಹತ್ತಿರ ಇನ್ನೊಂದು ಚಿಕ್ಕ ಫ್ಲ್ಯಾಶ್ ಇತ್ತು. ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಮಂಟಪದ ಹಿಂಬದಿಯಲ್ಲಿಟ್ಟು, ಕಂಬದ ಕಡೆ ತಿರುಗಿಸಿದೆ. ನನ್ನ ಕ್ಯಾಮೆರಾ ಒತ್ತಿದರೆ ಮೂರೂ ಒಟ್ಟಿಗೆ ಹೊತ್ತಬೇಕು. ಗಟ್ಟಿಮೇಳ ಶುರುವಾಯಿತು, ಭಾವ ತಾಳಿಗೆ ಗಂಟು ಹಾಕಿದರು, ನಾನು ಒತ್ತಿದೆ.

ಆ ಫೋಟೊವನ್ನು ನೀನು ನೋಡಬೇಕು. ಮುಂದೆ ನೀನು ತಲೆ ತಗ್ಗಿಸಿದ್ದೀಯ. ಭಾವನ ಕೈ ಕಾಣುತ್ತದೆ. ಕಲ್ಲಮ್ಮತ್ತೆಯ ಭುಜಕ್ಕೂ ನಿನ್ನ ಹಾರಕ್ಕೂ ನಡುವಿನ ಸಂದಿಯಲ್ಲಿ, ಹೂವಿನ ಜಾಲರಿಯ ಅಂಚಿನಾಚೆ, ದೂರದಲ್ಲಿ, ಅಮ್ಮ ಅಕ್ಷತೆ ಹಾಕಲು ಕೈ ಎತ್ತಿದ್ದಾಳೆ. ಮುಖದ ತುಂಬ ಬೆಳಕು. ಅವಳ ನೆರಳು ಬಿಳಿ ಕಂಬದ ಮೇಲೆ ಸ್ಪಷ್ಟವಾಗಿ ಬಿದ್ದಿದೆ. ನಾನು ತೆಗೆದ ಫೋಟೊಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ.

ಆದರೆ ಸಿಟ್ಟು ಇಳಿದಿರಲಿಲ್ಲ. ಊಟದ ಹಾಲಿನಲ್ಲಿ, ಎಲೆಯ ಮುಂದೆ ಕೂತಿದ್ದ ತೀರ್ಥಪ್ಪ ಮಾವನ ಹತ್ತಿರ ಹೋಗಿ, ಮಠದಲ್ಲಿ ಭಾಷಣ ಮಾಡುವವರು ಒಡಹುಟ್ಟಿದವಳನ್ನು ಕಂಬದ ಹತ್ತಿರ ನಿಲ್ಲಿಸಿದಿರಲ್ಲ ಎಂದು ನಾಲ್ಕು ಜನ ತಿರುಗಿ ನೋಡುವ ಹಾಗೆ ಕೇಳಿದೆ. ಮಾವ ಕೈಯಲ್ಲಿದ್ದ ತುತ್ತನ್ನು ಎಲೆಯಲ್ಲಿ ಇಟ್ಟರು. ಒಂದು ಕ್ಷಣ ಮಂಟಪದ ಕಡೆ ನೋಡಿದರು. "ಆಯ್ತು ಕಣವ್ವ. ಊಟ ಮಾಡೋಗು" ಎಂದರು, ಅಷ್ಟೇ. ಅವತ್ತಿನಿಂದ ನಾನು ಅವರ ಹತ್ತಿರ ಮಾತಾಡಿಲ್ಲ.

ಮುಂದಿನದು ಸ್ಟುಡಿಯೋದಲ್ಲಿ. ಆಲ್ಬಮ್ ಮಾಡುವುದೆಂದರೆ ಅರ್ಧ ಕೆಲಸ ಬಿಡುವುದೇ. ಕಣ್ಣು ಮುಚ್ಚಿದ್ದು, ಅಲುಗಿದ್ದು, ಒಂದೇ ತರಹದ್ದು ಮೊದಲು ಹೋಗುತ್ತವೆ. ನನ್ನ ಕ್ಯಾಮೆರಾದವನ್ನು ನಾನು ಆರಿಸಿದೆ, ತಿಪ್ಪೇಶಣ್ಣನವನ್ನು ಅವರೇ ಆರಿಸಿಕೊಟ್ಟರು. ಉಳಿದವುಗಳ ಬಣ್ಣ ತಿದ್ದಿ, ಬೆಳಗಿನ ಫೋಟೊಗೂ ಸಂಜೆಯದಕ್ಕೂ ಮೈಬಣ್ಣ ಒಂದೇ ಇರುವಂತೆ ಮಾಡಿ, ಪುಟಕ್ಕೆ ಕೂರಿಸಿದೆ. ಯಾರ ಮುಖವನ್ನೂ ಬೆಳ್ಳಗೆ ಮಾಡಿಲ್ಲ, ನಿನ್ನದನ್ನೂ ಕೂಡ. ಪುಟಗಳನ್ನು ಎರಡೂ ಮನೆಗೆ ಫೋನಿನಲ್ಲಿ ಕಳಿಸಿದೆವು. ನಿಮ್ಮ ಮನೆಯಿಂದ ನಿಮ್ಮತ್ತೆ ಸ್ಟುಡಿಯೋಗೆ ಫೋನ್ ಮಾಡಿದರು. ಹೊನ್ನಯ್ಯನವರು ಸ್ಪೀಕರ್ ಹಾಕಿ ನನ್ನ ಮುಂದೆ ಇಟ್ಟರು.

"ಫೋಟೊ ಬಾಳ ಚೆನ್ನಾಗೈತೆ ಕಣಮ್ಮ. ಆ ಬಲಗಡೆ ಕಂಬದ ತಾವ ನಿಂತಿರೋರ್ನ ಒಂದ್ ತೆಗೆದ್ಬಿಡಿ."

ಅದು ನಮ್ಮಮ್ಮ ಎಂದೆ.

"ಗೊತ್ತು ಕಣಮ್ಮ. ನಿಮ್ಮಮ್ಮನ್ ಮ್ಯಾಲೆ ನಂಗೇನೈತೆ? ಬೇರೆ ಪೇಜ್ನಾಗೆ ಎಷ್ಟ್ ಬೇಕಾದ್ರೂ ಹಾಕು, ದೊಡ್ಡದಾಗೇ ಹಾಕು. ತಾಳಿ ಕಟ್ಟೋ ಪೇಜು ಬ್ಯಾಡ. ನಾಳೆ ನಿಮ್ಮಕ್ಕಂಗೆ ಒಂದ್ ತಲೆನೋವು ಬಂದ್ರೂ ನೆಂಟ್ರು ಅದೇ ಪೇಜ್ ತೆಗೆದು ತೋರಿಸ್ತಾರೆ. ಆಗ ಮಾತು ಕೇಳೋಳು ನೀನಲ್ಲ, ಅವಳು."

ನಿಜ ಹೇಳಬೇಕೆಂದರೆ ಅವರ ದನಿಯಲ್ಲಿ ಕೆಟ್ಟತನ ಇರಲಿಲ್ಲ. ನನಗೆ ಭಯವಾದದ್ದು ಅದಕ್ಕೇ. ಕೆಟ್ಟವರ ಜೊತೆ ಜಗಳ ಮಾಡುವುದನ್ನು ನನ್ನ ಪುಸ್ತಕಗಳು ಕಲಿಸಿವೆ, ಪ್ರೀತಿಯಿಂದ ಅಳಿಸುವವರ ಮುಂದೆ ಏನು ಮಾಡಬೇಕೆಂದು ಕಲಿಸಿಲ್ಲ.

ಹೊನ್ನಯ್ಯನವರಿಗೆ ಇದು ಐದು ನಿಮಿಷದ ಕೆಲಸ. ಕಸದ ಡಬ್ಬಿ ತೆಗೆಯುವುದಕ್ಕೂ, ಗೋಡೆಯ ವೈರು ತೆಗೆಯುವುದಕ್ಕೂ, ಮನುಷ್ಯರನ್ನು ತೆಗೆಯುವುದಕ್ಕೂ ಇರುವುದು ಒಂದೇ ಬಟನ್. ನಾನು ಮಾಡಲ್ಲ ಎಂದೆ. ನೀನ್ ಮಾಡ್ದಿದ್ರೆ ನಾನ್ ಮಾಡ್ತೀನಿ ಬಿಡು ಎಂದರು. ಬೇರೆಯವರ ಕೈಯಲ್ಲಿ ಆಗುವುದು ಬೇಡ ಎಂದು ನಾನೇ ಕೂತೆ. ಅಮ್ಮನ ಸುತ್ತ ಗೆರೆ ಎಳೆದು ಒತ್ತಿದೆ. ಕಂಪ್ಯೂಟರು ಅಕ್ಕಪಕ್ಕ ಏನಿದೆ ಎಂದು ನೋಡಿ, ಅವಳ ಜಾಗದಲ್ಲಿ ಸೇವಂತಿಗೆ ತುಂಬಿತು. ಎಷ್ಟು ಚೆನ್ನಾಗಿ ತುಂಬಿತೆಂದರೆ, ಅಲ್ಲಿ ಹೂವು ಇರಲೇ ಇಲ್ಲ ಎಂಬುದು ನನಗೇ ಒಂದು ಗಳಿಗೆ ಮರೆತುಹೋಯಿತು. ಆದರೆ ಕಂಬದ ಮೇಲಿನ ನೆರಳು ಉಳಿಯಿತು, ಎತ್ತಿದ ಕೈ ಸಮೇತ. "ನೆರಳೂ ತೆಗಿ. ಆಳಿಲ್ದೆ ನೆರಳು ಎಲ್ಲಿಂದ ಬಂತು ಅಂತಾರೆ" ಎಂದರು. ತೆಗೆಯಲಿಲ್ಲ.

ಕೊನೆಗೆ ಅವರು ಇಷ್ಟಕ್ಕೆ ಒಪ್ಪಿದರು: "ಮದುಮಗಳ ಬಾಯಲ್ಲಿ 'ಇರ್ಲಿ' ಅನ್ನಿಸ್ಬಿಡು. ಆಮೇಲೆ ಯಾರ್ ಏನಂದ್ರೂ ನಾನ್ ನೋಡ್ಕೋತೀನಿ. ಅವಳು ಹೇಳ್ಲಿಲ್ವೋ, ಗುರುವಾರ ಎರಡ್ನೇ ಫೈಲೇ ಹೋಗೋದು." ಮೊದಲ ಫೈಲಿನಲ್ಲಿ ಅಮ್ಮ ಇದ್ದಾಳೆ, ಎರಡನೆಯದರಲ್ಲಿ ಇಲ್ಲ.

ಶುಕ್ರವಾರ ಲ್ಯಾಪ್‌ಟಾಪ್ ತೆಗೆದುಕೊಂಡು ಸಖರಾಯಪಟ್ಟಣಕ್ಕೆ, ಅಮ್ಮನ ಹತ್ತಿರ ಹೋದೆ. ಬೆಳಗಿನಿಂದ ಕರೆಂಟ್ ಇರಲಿಲ್ಲ. ಗಿರಣಿ ನಿಂತಿತ್ತು. ಹಿಟ್ಟು ಬೀಸಲು ಬಂದವರು ಚೀಲ ಸಾಲಾಗಿ ಇಟ್ಟು ಮನೆಗೆ ಹೋಗಿದ್ದರು. ತಕ್ಕಡಿಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಎರಡೂ ಫೈಲು ತೋರಿಸಿದೆ, ನಡೆದದ್ದನ್ನೂ ಹೇಳಿದೆ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ತನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಚೆನ್ನಾಗ್ ಬಂದೀನಿ ಅಲ್ವೇನೇ" ಎಂದಳು. ಆಮೇಲೆ, "ತೆಗೆದ್ಬಿಡು" ಎಂದಳು.

ನಾನು ನನಗೆ ಗೊತ್ತಿದ್ದ ಎಲ್ಲವನ್ನೂ ಹೇಳಿದೆ. ಒಬ್ಬೊಬ್ಬರೂ ಹೀಗೆ ಸರಿದು ನಿಂತರೆ ಕಂಬಗಳು ಎಂದೂ ಬೀಳುವುದಿಲ್ಲ ಎಂದೆ. ನೀನು ತೆಗೆ ಎಂದರೂ ನಾನು ತೆಗೆಯುವುದಿಲ್ಲ, ಇದು ನಿನ್ನೊಬ್ಬಳ ವಿಷಯವಲ್ಲ ಎಂದೆ. ಅವಳು ತಕ್ಕಡಿಯ ತಟ್ಟೆ ಒರೆಸುತ್ತಾ ಕೇಳಿದಳು.

"ಬೆಳಕು ಹಾಕೋ ಮುಂಚೆ ನನ್ನ ಒಂದ್ ಮಾತು ಕೇಳಿದ್ಯಾ?"

ಇಲ್ಲ ಎಂದೆ.

"ಯಾರಿಗ್ ಹಾಕ್ದೆ ಹೇಳು. ನಂಗೋ, ನಿನ್ ಪುಸ್ತಕಕ್ಕೋ?"

ಇಬ್ಬರಿಗೂ ಎಂದೆ. ಈಗಲೂ ಅದೇ ನನ್ನ ಉತ್ತರ. ಕೇಳಬೇಕಿತ್ತು, ಒಪ್ಪುತ್ತೇನೆ. ಕೇಳಿದ್ದರೆ ಬೇಡ ಎನ್ನುತ್ತಿದ್ದಳು, ನಾನು ಆದರೂ ಹಾಕುತ್ತಿದ್ದೆ. ಅವಳು ನಕ್ಕಳು. "ನಿಮ್ಮಪ್ಪಂದೇ ಹಟ" ಎಂದು ಸ್ಟೂಲು ಎಳೆದುಕೊಂಡು, ಎಲ್ಲ ಫೋಟೊನೂ ತೋರಿಸು, ಆರಿಸದೆ ಬಿಟ್ಟದ್ದನ್ನೂ ತೋರಿಸು ಎಂದಳು. ಎರಡೂ ಕ್ಯಾಮೆರಾದ ಫೋಟೊಗಳನ್ನು ಮೊದಲಿನಿಂದ ತೆಗೆದುಕೊಟ್ಟೆ. ಯಾವ ಗುಂಡಿ ಒತ್ತಬೇಕೆಂದು ತೋರಿಸಿ, ನಾನು ಹೊರಗೆ ಕೂತು ಕಾಫಿ ಕುಡಿದೆ. ಕಲ್ಲಮ್ಮತ್ತೆ ಯಾವ ಫೋಟೊದಲ್ಲೂ ಬಾಯಿ ಮುಚ್ಚಿಲ್ಲ ಎಂದು ಒಳಗಿನಿಂದ ಹೇಳಿದಳು. ಬೀಗರ ಪಂಚೆ ಜಾರುತ್ತಿರುವುದು ಕಂಡು ಒಬ್ಬಳೇ ನಕ್ಕಳು. ನೀನು ಅಲಂಕಾರ ಮಾಡಿಕೊಳ್ಳುವುದು, ಕನ್ನಡಿಯ ಮುಂದೆ ಕೂತದ್ದು, ಮಂಟಪಕ್ಕೆ ಹೊರಟದ್ದು ಎಂದು ಒಂದೊಂದನ್ನೂ ಹೆಸರಿಸುತ್ತಿದ್ದಳು, ಅಲ್ಲಿಯವರೆಗೆ ಗುಂಡಿಯ ಸದ್ದು ಬರುತ್ತಲೇ ಇತ್ತು. ಆಮೇಲೆ ನಿಂತಿತು. ನಾನು ಒಳಗೆ ಹೋದಾಗ ಲ್ಯಾಪ್‌ಟಾಪ್ ಮುಚ್ಚಿದ್ದಳು. "ಸಾಕು ಕಣೇ. ಹಿಟ್ಟು ಹೋಗ್ತದೆ ಅದರೊಳಕ್ಕೆ" ಎಂದಳು. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ. ಬರುವಾಗ, ಮಾವನಿಗೆ ಒಂದು ಫೋನ್ ಮಾಡು, ಅವನ ಮೇಲೆ ಸಿಟ್ಟು ಇಟ್ಕೋಬೇಡ ಎಂದಳು. ಇನ್ನೂ ಮಾಡಿಲ್ಲ.

ಅಕ್ಕ, ಇಷ್ಟೇ ಕೇಳುವುದು. ಅಮ್ಮ ತೆಗೆ ಎಂದದ್ದನ್ನು ನಾನು ಲೆಕ್ಕಕ್ಕೆ ಇಟ್ಟಿಲ್ಲ; ಅವಳು ನಿನಗೆ ತೊಂದರೆ ಆಗಬಾರದೆಂದು ಹೇಳಿದ್ದಾಳೆ, ತನಗೆ ಬೇಡ ಎಂದಲ್ಲ. ನಿಮ್ಮತ್ತೆ ಒಳ್ಳೆಯವರೇ ಇರಬಹುದು, ಆದರೆ ಅದು ಅವರ ತಾಳಿಯಲ್ಲ. ನಿನ್ನದು. ಕಷ್ಟವಿದೆ, ಗೊತ್ತು. ಒಂದೇ ಮನೆಯಲ್ಲಿ ಅವರ ಜೊತೆ ಇರುವವಳು ನೀನು, ಕಡೂರಿನಲ್ಲಿ ಕುಳಿತು ವೀರಾವೇಶ ಆಡುವುದು ಸುಲಭ ಎಂದು ನಿನಗನ್ನಿಸಬಹುದು. ಅನ್ನಿಸಲಿ. ಹಿಟ್ಟು ಬೀಸಿ ನಮ್ಮಿಬ್ಬರನ್ನು ಓದಿಸಿದವಳು ನಿನ್ನ ಮದುವೆಯ ಆಲ್ಬಮ್ಮಿನಲ್ಲಿ ಸೇವಂತಿಗೆ ಹೂವಾಗಬಾರದು. ತಿಪ್ಪೇಶಣ್ಣ ನಾಮಕರಣ ಮುಗಿಸಿ ಹೊರಡುವ ಮೊದಲು ನಿಮ್ಮ ಮನೆ ಕಡೆ ಬರುತ್ತಾರೆ. ಇರಲಿ ಎಂದರೆ ಇರಲಿ ಅನ್ನು, ಬೇಡ ಎಂದರೆ ಬೇಡ ಅನ್ನು. ಅವರಿಗೆ ಹೆಚ್ಚು ಏನೂ ಗೊತ್ತಿಲ್ಲ, ಸುಮ್ಮನೆ ಬಂದು ನನಗೆ ಹೇಳುತ್ತಾರೆ.

ಭಾವನಿಗೆ ನನ್ನ ಶರಣು. ನಿಮ್ಮತ್ತೆ ಮಾವನಿಗೂ. ಅಮ್ಮ ಆಶೀರ್ವಾದ ಹೇಳಿದ್ದಾಳೆ. ನೂರು ಕಾಲ ಚೆನ್ನಾಗಿರಲಿ, ಹೊತ್ತು ಹೊತ್ತಿಗೆ ಊಟ ಮಾಡಲಿ, ಹುರಿಹಿಟ್ಟಿಗೆ ತುಪ್ಪ ಕಡಿಮೆ ಮಾಡದಿರಲಿ ಎಂದಿದ್ದಾಳೆ. ಚಿಕ್ಕವಳಾದ ನಾನು ಹರಸುವಂತಿಲ್ಲ. ಧೈರ್ಯ ನಿನ್ನ ಜೊತೆಗಿರಲಿ ಎಂದಷ್ಟೇ ಬಯಸುತ್ತೇನೆ.

ನಿನ್ನ ತಂಗಿ,
ಕೃತಿಕಾ

ಅಕ್ಕ, ಸಹಿ ಹಾಕಿದ ಮೇಲೆ ಕಾಗದವನ್ನು ಮೊದಲಿನಿಂದ ಓದಿದೆ. ಗಿರಣಿ ನಿಂತಿತ್ತು ಎಂದು ನಾನೇ ಬರೆದಿದ್ದೇನೆ. ನಿಂತ ಗಿರಣಿಯಲ್ಲಿ ಹಿಟ್ಟು ಹಾರುವುದಿಲ್ಲ. ಅಮ್ಮ ಯಾವ ಫೋಟೊದ ಹತ್ತಿರ ನಿಲ್ಲಿಸಿದಳು ಎಂದು ಈಗ ಲ್ಯಾಪ್‌ಟಾಪ್ ತೆಗೆದು ನೋಡಿದೆ. ತಿಪ್ಪೇಶಣ್ಣ ತೆಗೆದ ಫೋಟೊಗಳು. ಮದುಮಗಳ ಮುಖ ಪಕ್ಕಕ್ಕೆ ತಿರುಗಿದೆ ಎಂದು ಅವರೇ ಬಿಟ್ಟಿದ್ದರಿಂದ ನಾನು ನೋಡಿರಲಿಲ್ಲ.

ನೀನು ಮಂಟಪದ ಮುಂದೆ ನಿಂತಿದ್ದೀಯ. ಅಮ್ಮ ನಿನ್ನ ಸೆರಗು ಸರಿಮಾಡಲು ಕೈ ಚಾಚಿದ್ದಾಳೆ. ನಿನ್ನ ಕಣ್ಣು ನಿಮ್ಮತ್ತೆಯ ಕಡೆ ಇದೆ, ಮದರಂಗಿಯ ಕೈ ಅಮ್ಮನ ಕಡೆ ಇದೆ, ಬೆರಳು ಕಂಬದ ಕಡೆ. ಮುಂದಿನ ಫೋಟೊದಲ್ಲಿ ತೀರ್ಥಪ್ಪ ಮಾವ ಅಮ್ಮನ ತೋಳು ಹಿಡಿದು ಹೋಗಬೇಡ ಎನ್ನುವಂತಿದ್ದಾರೆ. ಅದರ ಮುಂದಿನದರಲ್ಲಿ ಅಮ್ಮ ಮೆಟ್ಟಿಲು ಇಳಿಯುತ್ತಿದ್ದಾಳೆ. ನಿನ್ನ ಕಡೆ ತಿರುಗಿ ನಗುತ್ತಿದ್ದಾಳೆ.

ಈ ಕಾಗದ ಹರಿದು ಬೇರೆ ಬರೆಯಬಹುದಿತ್ತು. ಬರೆಯುವುದಿಲ್ಲ, ಒಂದು ಸಾಲನ್ನೂ ತಿದ್ದಿಲ್ಲ, ನಿನಗೆ ಕಂಡಿರಲಿಕ್ಕಿಲ್ಲ ಎಂದು ನಾನು ನಂಬಿ ಬರೆದ ಸಾಲನ್ನೂ. ನಾಳೆ ಮಾವನ ಮನೆಗೆ ಹೋಗುತ್ತೇನೆ. ಆ ಮೂರು ಫೋಟೊಗಳನ್ನು ಅಮ್ಮ, ನಾನು ಬಿಟ್ಟರೆ ಇನ್ನು ಯಾರೂ ನೋಡುವುದಿಲ್ಲ.

ಗುರುವಾರ ಮಾತ್ರ ಹಾಗೇ ಇದೆ. ಎರಡನೇ ಫೈಲಿನಲ್ಲಿ ಅಮ್ಮನ ನೆರಳು ಇನ್ನೂ ಕಂಬದ ಮೇಲಿದೆ. ಅದನ್ನೂ ತೆಗೆಯಬೇಕಾದರೆ, ಅದನ್ನೂ ನೀನೇ ಹೇಳು.